ಜಗಲಿಯಲ್ಲಿ ಊಟ

ಹೋದ ತಿಂಗಳು ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಮಧ್ಯಾಹ್ನ ಡಬ್ಬಿ ಬಿಚ್ಚುತ್ತಾ ಕೇಳಿದಳು. "ಅಕ್ಕಾ, ನೀವು ಹುಟ್ಟಿದ ಚರ್ಚಿನ ಸಭೆ ಬಿಟ್ಟು ಬಂದವರಂತೆ, ಹೌದಾ? ಬಿಟ್ಟ ಮೇಲೆ ಖುಷಿಯಾಗಿದ್ದೀರಾ? ತಪ್ಪು ಮಾಡೋಕೆ ಹೊರಟ್ರೆ ನಿಮ್ಮನ್ನ ತಡೆಯೋರು ಯಾರು?"

ಕೆಣಕಬೇಕೆಂದು ಕೇಳಿದ್ದಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳ ಮನೆಯೂ ಕಟ್ಟುನಿಟ್ಟಿನ ಮನೆ. ಯಾವ ಧರ್ಮ, ಯಾವ ಪಂಗಡ ಅಂತ ಬರೆಯುವುದಿಲ್ಲ. ಅವಳಿನ್ನೂ ಹೊಸಿಲ ಮೇಲೆ ನಿಂತಿದ್ದಾಳೆ. ಅವತ್ತು ಎರಡು ಮಾತು ಹೇಳಿ ಸುಮ್ಮನಾದೆ. ರಾತ್ರಿ ಮಲಗಿದಾಗ, ಅಷ್ಟು ದೊಡ್ಡ ಪ್ರಶ್ನೆಗೆ ಇಷ್ಟೇನಾ ಹೇಳಿದ್ದು ಅನ್ನಿಸಿತು. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ನಾನು ಬೆಳೆದದ್ದು ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯ ಒಂದು ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಲೈನ್‌ಮನೆಯಲ್ಲಿರುವ ಕೂಲಿಯವರ ಹಾಜರಿ ಹಾಕುವುದು, ಕುಯ್ಲಿನ ಕಾಲದಲ್ಲಿ ಸಂಜೆ ನಿಂತು ಹಣ್ಣು ತೂಗಿಸಿ ಬರೆದುಕೊಳ್ಳುವುದು ಅವನ ಕೆಲಸ. ನಮಗೆ ಕೊಟ್ಟದ್ದು ಹೆಂಚಿನ ಮನೆ. ಮುಂದೆ ಉದ್ದನೆಯ ಜಗಲಿ. ಆ ಜಗಲಿಯ ಮಾತು ಆಮೇಲೆ ಬರುತ್ತದೆ.

ಭಾನುವಾರ ಆರಾಧನೆ, ಶುಕ್ರವಾರ ಉಪವಾಸ ಪ್ರಾರ್ಥನೆ. ಎಲ್ಲ ಸೇರಿ ಮೂವತ್ತು ಮನೆಯ ಸಭೆ. ಚಿನ್ನ ಹಾಕಬಾರದು, ಹೂ ಮುಡಿಯಬಾರದು, ಟೀವಿ ನೋಡಬಾರದು. ಕಾಯಿಲೆ ಬಂದರೆ ಪ್ರಾರ್ಥನೆಯೇ ಔಷಧಿ. ಮಾತ್ರೆ ನುಂಗುವುದೆಂದರೆ ನಂಬಿಕೆ ಕಮ್ಮಿ ಅಂತ ಅರ್ಥ. ಹೊರಗಿನವರೆಲ್ಲ 'ಲೋಕದವರು'. ಕೊಡಗಿನ ಎಲ್ಲ ಕ್ರೈಸ್ತರೂ ಹೀಗೆ ಅಂತ ದಯವಿಟ್ಟು ತಿಳಿಯಬೇಡಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಹೋಗುವ ನನ್ನ ಗೆಳತಿಯರು ಹೂ ಮುಡಿಯುತ್ತಿದ್ದರು, ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಮಾಡುತ್ತಿದ್ದರು, ಜ್ವರ ಬಂದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ಅವರೂ ನಮಗೆ ಲೋಕದವರೇ.

ಮಡಿಕೇರಿ ದಸರೆಯ ರಾತ್ರಿ ತೋಟದ ಮಕ್ಕಳೆಲ್ಲ ಜೀಪಿನಲ್ಲಿ ತುಂಬಿಕೊಂಡು ದಶಮಂಟಪ ನೋಡಲು ಹೋಗುತ್ತಿದ್ದರು. ನಾನು, ಅಕ್ಕ ಕಿಟಕಿಯಲ್ಲಿ ನಿಂತು ಜೀಪಿನ ದೀಪ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದೆವು. ಹುತ್ತರಿಗೆ ಸಾವ್ಕಾರ್ರ ಮನೆಯಿಂದ ತಂಬುಟ್ಟು ಬರುತ್ತಿತ್ತು. ಹುರಿದ ಅಕ್ಕಿ ಹಿಟ್ಟಿಗೆ ಕಳಿತ ಬಾಳೆಹಣ್ಣು ಕಲಸಿ, ಮೇಲೆ ತುಪ್ಪ, ಎಳ್ಳು, ಕಾಯಿತುರಿ. ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು "ಸಂತೋಷ" ಅನ್ನುತ್ತಿದ್ದ. ಕೊಟ್ಟವರು ಗೇಟು ದಾಟಿದ ಮೇಲೆ ಅಮ್ಮ ಅದನ್ನು ಹಿತ್ತಲಿಗೆ ಒಯ್ದು ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು. ಗುರುಕಾರೋಣರಿಗೆ, ಅಂದರೆ ತೀರಿಕೊಂಡ ಕುಲದ ಹಿರಿಯರಿಗೆ, ಎಡೆ ಇಟ್ಟ ಮನೆಯದ್ದು, ತಿನ್ನಬಾರದು. ಆ ತುಪ್ಪದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಇಷ್ಟು ಓದಿದರೆ ಅಪ್ಪ ಕೆಟ್ಟವನು ಅನ್ನಿಸಬಹುದು. ಖಂಡಿತ ಅಲ್ಲ. ನಾನು ಕಂಡ ಗಂಡಸರಲ್ಲಿ ಅಷ್ಟು ನೇರ ಮನುಷ್ಯ ಇನ್ನೊಬ್ಬನಿಲ್ಲ. ಕೂಲಿಯವರ ತೂಕದಲ್ಲಿ ಅರ್ಧ ಕಿಲೋ ಕೂಡ ಆಚೀಚೆ ಮಾಡಿದವನಲ್ಲ. ಸುಳ್ಳು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಆದರೆ ಅವನು ಹುಟ್ಟಿನಿಂದ ಆ ಸಭೆಯವನಲ್ಲ. ಊರು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆ. ಕೆಲಸ ಹುಡುಕಿಕೊಂಡು ಕೊಡಗಿಗೆ ಬಂದ. ಕುಡಿತಕ್ಕೆ ಬಿದ್ದ. ಸಂಬಳ ಕೈಗೆ ಬಂದ ಸಂಜೆಯೇ ಖಾಲಿ. ಅಮ್ಮ ಅಕ್ಕನನ್ನು ಹೊತ್ತುಕೊಂಡು ಎರಡು ಸಲ ತವರಿಗೆ ಹೋಗಿದ್ದಳಂತೆ. ಆಗ ಸಭೆಯ ಇಬ್ಬರು ಹಿರಿಯರು ದಿನಾ ಸಂಜೆ ಬಂದು, ಕುಡಿಯುವ ಹೊತ್ತು ದಾಟುವವರೆಗೂ ಅವನ ಪಕ್ಕದಲ್ಲಿ ಕೂರುತ್ತಿದ್ದರಂತೆ. ಬರೀ ಕೂರುವುದು. ಮೂರು ತಿಂಗಳು ಹಾಗೆ. ಅಪ್ಪ ಕುಡಿತ ಬಿಟ್ಟ, ದೀಕ್ಷಾಸ್ನಾನ ತೆಗೆದುಕೊಂಡ. ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದಾಗಲೆಲ್ಲ ಆ ಇಬ್ಬರ ಕಡೆ ತಿರುಗಿ ಕಣ್ಣೀರು ಹಾಕುತ್ತಿದ್ದ.

ಸಭೆಯ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಈ ಮಾತು ಬಿಟ್ಟು ಬರೆದರೆ ಅನ್ಯಾಯವಾಗುತ್ತದೆ. ಅವರು ಬರದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲವೇನೋ.

ಆದರೆ ಪಿರಿಯಾಪಟ್ಟಣದ ಅಜ್ಜಿಯ ಕಣ್ಣಲ್ಲಿ ಅಪ್ಪ ಬಿಟ್ಟು ಹೋದವನು. "ಮನೆದೇವ್ರನ್ನ ಬಿಟ್ಟೋನು ಉದ್ಧಾರ ಆಗಿದ್ದುಂಟಾ?" ಅಂತ ಅಜ್ಜಿ ಕೇಳುತ್ತಿದ್ದಳು. ಕುಡಿಯುತ್ತಿದ್ದ ಮಗ ಕುಡಿತ ಬಿಟ್ಟಿದ್ದ. ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದ. ಅದು ಅಜ್ಜಿಗೂ ಕಾಣುತ್ತಿತ್ತು. ಆದರೂ ಒಳಗೆ ಬಿಡಲಿಲ್ಲ. ವರ್ಷಕ್ಕೊಮ್ಮೆ ನಾವು ಹೋದಾಗ ನಮ್ಮ ನಾಲ್ವರಿಗೂ ಜಗಲಿಯ ಮೇಲೆ ಎಲೆ. ಬಸ್ಸಿನಲ್ಲಿ ವಾಪಸ್ ಬರುವಾಗ ಬೈಲಕುಪ್ಪೆ ದಾಟುವವರೆಗೂ ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ.

ಈ ನಾಡಿನಲ್ಲಿ ಅಜ್ಜಿಯ ಪ್ರಶ್ನೆ ಹೊಸದೇನಲ್ಲ. 19ನೇ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ಕೊಡಗಿಗೆ ಬಂದಾಗ, ಅಮ್ಮತ್ತಿಯ ಹತ್ತಿರ ಆನಂದಪುರ ಅಂತ ಒಂದು ಊರೇ ಎದ್ದಿತು. ಒಡೆಯರ ಜಮೀನಿಗೆ ತಲೆತಲಾಂತರದಿಂದ ಜೀತವಾಗಿದ್ದವರು ಹಳೆಯದನ್ನು ಬಿಟ್ಟು ಬಂದು ನೆಲೆಸಿದ ಜಾಗ ಅದು. ಅವರಿಗೂ ಯಾರೋ ಇದೇ ಪ್ರಶ್ನೆ ಕೇಳಿರುತ್ತಾರೆ, ಅಲ್ವಾ? ಧರ್ಮ ಬಿಟ್ಟರೂ, ಜಾತಿಯಿಂದ ಹೊರಬಿದ್ದರೂ ಮನೆ ಆಸ್ತಿಯ ಹಕ್ಕು ತಪ್ಪಬಾರದು ಅಂತ 1850ರಲ್ಲೇ ಕಾನೂನು ಬಂದಿತ್ತು. ಕಾನೂನು ಪಾಲು ಕೊಡಿಸಬಹುದು. ಪಕ್ಕದಲ್ಲಿ ಎಲೆ ಹಾಕಿಸಲು ಅದರ ಕೈಯಲ್ಲಿ ಆಗುವುದಿಲ್ಲ.

ಈಗ ನನ್ನ ವಿಷಯ. ನಾನು ಬಿಟ್ಟದ್ದು 2005ರಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ. ಸಭೆಯ ಒಬ್ಬ ತಾಯಿ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು. ರಾತ್ರಿಯೆಲ್ಲ ಪ್ರಾರ್ಥನೆ ನಡೆಯಿತು. ಜೀಪು ಅಂಗಳದಲ್ಲೇ ನಿಂತಿತ್ತು. ಮಣ್ಣು ಮಾಡುವಾಗ ಹಾಡಬೇಕಾಗಿತ್ತು, ನನ್ನ ಬಾಯಿಂದ ಹಾಡು ಹೊರಡಲಿಲ್ಲ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಇದಕ್ಕಿಂತ ಜಾಸ್ತಿ ಬರೆಯಲು ನನಗೆ ಆಗುವುದಿಲ್ಲ.

ನಾನು 'ಹಿಂಜಾರಿದವಳು' ಆದೆ. ಅಂಥವರ ಜೊತೆ ಕೂತು ಊಟ ಮಾಡಬಾರದು ಅನ್ನುವುದು ನಿಯಮ. ಕುಶಾಲನಗರದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕದ ವಿಭಾಗದಲ್ಲಿ ಕೆಲಸ ಸಿಕ್ಕಿತು. ಬಾಡಿಗೆ ಕೋಣೆ ಹಿಡಿದೆ. ಮೊದಲ ಸಲ ಮನೆಗೆ ಹೋದಾಗ ಅಮ್ಮ ಜಗಲಿಯಲ್ಲಿ ಚಾಪೆ ಹಾಸಿ ತಟ್ಟೆ ಇಟ್ಟಳು. ಅನ್ನ, ಹುರುಳಿ ಸಾರು, ನನಗಿಷ್ಟ ಅಂತ ಕಣಿಲೆ ಪಲ್ಯ. ಇಟ್ಟು ಒಳಗೆ ಹೋದಳು. ಒಳಗೆ ಅಪ್ಪ, ಅಮ್ಮ, ಅಕ್ಕ ಊಟಕ್ಕೆ ಕೂತ ಸದ್ದು ನನಗೆ ಕೇಳುತ್ತಿತ್ತು. ತನ್ನ ತಾಯಿಯ ಮನೆಯ ಜಗಲಿಯಲ್ಲಿ ಕೂತು ಉಂಡ ಮನುಷ್ಯ ನನ್ನನ್ನೂ ಅಲ್ಲೇ ಕೂರಿಸಿದನಲ್ಲ ಅಂತ ಗಂಟಲು ಕಟ್ಟಿತು. ಹದಿಮೂರು ವರ್ಷ ಅದು ಹಾಗೇ ನಡೆಯಿತು.

ಬಿಟ್ಟ ಮೊದಲ ವರ್ಷ ಭಯ ಇತ್ತು, ಇಲ್ಲ ಅನ್ನುವುದಿಲ್ಲ. ಗುಡುಗಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕಿವಿ ಚುಚ್ಚಿಸಿಕೊಂಡೆ, ಕೀವಾಯಿತು. ಶಿಕ್ಷೆ ಬಂತು ಅಂದುಕೊಂಡೆ. ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟರು, ವಾಸಿಯಾಯಿತು. ಆ ಐದು ದಿನದಲ್ಲಿ ನನ್ನೊಳಗೆ ಏನೋ ಸಡಿಲವಾಯಿತು.

ತಡೆಯೋರು ಯಾರು ಅಂತ ಆ ಹುಡುಗಿ ಕೇಳಿದಳಲ್ಲ. ನಿಜ ಹೇಳಬೇಕೆಂದರೆ, ನಾನು ಜಾಸ್ತಿ ಸುಳ್ಳು ಹೇಳಿದ್ದು ಸಭೆಯಲ್ಲಿದ್ದಾಗ. ಲೈನ್‌ಮನೆಯಲ್ಲಿ ಟೀವಿ ನೋಡಿ ಬಂದು ಸೌದೆ ಆರಿಸಲು ಹೋಗಿದ್ದೆ ಅನ್ನುತ್ತಿದ್ದೆ. ಉಪವಾಸದ ದಿನ ಪೇರಳೆ ಹಣ್ಣು ತಿಂದು ಬಾಯಿ ತೊಳೆದುಕೊಳ್ಳುತ್ತಿದ್ದೆ. ದಿನಕ್ಕೆ ಹತ್ತು ತಪ್ಪು ಹುಟ್ಟಿಸುವ ನಿಯಮ ಇದ್ದರೆ ದಿನಕ್ಕೆ ಹತ್ತು ಸುಳ್ಳು ಬೇಕಾಗುತ್ತದೆ. ಹೊರಗೆ ಬಂದ ಮೇಲೆ ಮುಚ್ಚಿಡುವಂಥದ್ದೇ ಕಮ್ಮಿಯಾಯಿತು. ಕೆಲಸದಲ್ಲಿ ಒಂದು ಸಲ ಒಬ್ಬ ಬೆಳೆಗಾರರ ಮೂರು ಮೂಟೆ ಇನ್ನೊಬ್ಬರ ಲೆಕ್ಕಕ್ಕೆ ಬಿದ್ದಿತ್ತು. ಯಾರೂ ನೋಡಿರಲಿಲ್ಲ. ನಾನು ಎದ್ದು ಹೋಗಿ ಮ್ಯಾನೇಜರಿಗೆ ಹೇಳಿದೆ. ಆಗ ನನ್ನ ತಲೆಯಲ್ಲಿ ದೇವರೂ ಇರಲಿಲ್ಲ, ನರಕವೂ ಇರಲಿಲ್ಲ. ತಕ್ಕಡಿಯ ಮುಂದೆ ಬಗ್ಗಿ ಮುಳ್ಳು ನೋಡುತ್ತಿದ್ದ ಅಪ್ಪ ಇದ್ದ.

ಇನ್ನೊಂದು ರಾತ್ರಿಯೂ ನನ್ನ ಜೊತೆ ಬಂದಿದೆ. ನನಗೆ ಎಂಟು ವರ್ಷ. ಕಕ್ಕಡದ ಮಳೆ. ಮೂರು ದಿನದಿಂದ ಜ್ವರ. ಅಪ್ಪ ಪ್ರಾರ್ಥನೆಗೆ ಹೋಗಿದ್ದ. ಅಮ್ಮ ಲೈನ್‌ಮನೆಗೆ ಓಡಿ ಹೋಗಿ ಒಂದು ಕ್ರೋಸಿನ್ ಮಾತ್ರೆ ತಂದಳು. ಚಮಚದಲ್ಲಿ ಪುಡಿ ಮಾಡಿ ಬೆಲ್ಲದ ಜೊತೆ ಕಲಸಿ ನೆಕ್ಕಿಸಿದಳು. "ಅಪ್ಪಂಗೆ ಹೇಳ್ಬೇಡ ಮಗಾ" ಅಂದಳು. ಆಮೇಲೆ ಮೂಲೆಯಲ್ಲಿ ಮೊಣಕಾಲೂರಿ ಕ್ಷಮೆ ಕೇಳುತ್ತಾ ಅತ್ತಳು. ನಾನು ಕಂಬಳಿಯೊಳಗಿನಿಂದ ನೋಡುತ್ತಿದ್ದೆ. ಅಮ್ಮನಿಗೆ ನರಕ ಅಂದರೆ ಕಥೆಯಲ್ಲ, ನಿಜವಾದ ಬೆಂಕಿ. ಅದಕ್ಕೆ ಹೆದರುತ್ತಲೇ ನನಗೆ ಮಾತ್ರೆ ಕೊಟ್ಟಳು. ಒಳ್ಳೆಯತನ ಅಂದರೇನು ಅಂತ ನನಗೆ ತಿಳಿದದ್ದು ಅಲ್ಲಿಂದ. ಅದು ನಿಯಮದಿಂದ ಬಂದಿದ್ದರೆ ಆ ರಾತ್ರಿ ಆ ಚಮಚ ನನ್ನ ಬಾಯಿಗೆ ಬರುತ್ತಿರಲಿಲ್ಲ.

ನನ್ನೊಬ್ಬಳ ಅನುಭವ ಸಾಲದು ಅಂತ ಎಷ್ಟೋ ವರ್ಷದಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. 2014ರಲ್ಲಿ ಅಮೆರಿಕ ಮತ್ತು ಕೆನಡಾದ 1,252 ಜನರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ದಿನದಲ್ಲಿ ಹಲವು ಸಲ ಫೋನಿಗೆ ಸಂದೇಶ ಕಳಿಸಿ, ಈಗಷ್ಟೇ ಏನಾದರೂ ಒಳ್ಳೆಯದು ಮಾಡಿದಿರಾ, ಕೆಟ್ಟದ್ದು ಮಾಡಿದಿರಾ ಅಂತ ಕೇಳುತ್ತಿದ್ದರು. ದೇವರನ್ನು ನಂಬುವವರಿಗೂ ನಂಬದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಹಳೆಯದು, 1973ರದ್ದು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದು ಕೂತಿದ್ದ. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ಅವನಿಗೆ ಸಹಾಯ ಮಾಡಿದರು. ಹೊತ್ತಾಯಿತು ಓಡಿ ಅಂತ ಕಳಿಸಿದವರಲ್ಲಿ ನೂರಕ್ಕೆ 10 ಮಂದಿ. ಕೆಲವರ ಭಾಷಣದ ವಿಷಯವೇ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಕಥೆ. ಅದನ್ನು ಓದಿದ ದಿನ ನನಗೆ ಅಂಗಳದಲ್ಲಿ ನಿಂತಿದ್ದ ಆ ಜೀಪು ನೆನಪಾಯಿತು.

ಹಾಗಾಗಿ ಬಿಟ್ಟವರು ನೀತಿಗೆಡುತ್ತಾರಾ ಅನ್ನುವುದಕ್ಕೆ ನನ್ನ ಉತ್ತರ ಇಲ್ಲ ಅಂತಲೇ. ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಖುಷಿಯ ವಿಷಯ ಬೇರೆ. ಅಲ್ಲಿ ಇಷ್ಟು ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ.

ಅಮೆರಿಕದ ಪ್ಯೂ ಅನ್ನುವ ಸಮೀಕ್ಷೆ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಇದೆ. ಆ ದೇಶದಲ್ಲಿ ತಪ್ಪದೆ ಪ್ರಾರ್ಥನೆಗೆ ಹೋಗುವವರಲ್ಲಿ ನೂರಕ್ಕೆ 36 ಮಂದಿ ತುಂಬ ಸಂತೋಷವಾಗಿದ್ದೇವೆ ಅಂದರು. ಯಾವ ಧರ್ಮಕ್ಕೂ ಸೇರದವರಲ್ಲಿ ಹಾಗಂದವರು 25 ಮಂದಿ. ಇದನ್ನು ಮುಚ್ಚಿಡಬಾರದು. ಆದರೆ ಇದರಲ್ಲಿ ಇನ್ನೊಂದು ಕುತೂಹಲದ ಮಾತಿದೆ. ಧರ್ಮದ ಹೆಸರು ಇಟ್ಟುಕೊಂಡು ಹೋಗದೆ ಇರುವವರಲ್ಲೂ 25 ಮಂದಿಯೇ. ಅಂದರೆ ಹೆಸರು ಇದ್ದರೆ ಸಾಲದು, ಹೋಗಬೇಕು. ಹೋದರೂ ಸಾಲದು ಅಂತ 2010ರಲ್ಲಿ ಲಿಮ್ ಮತ್ತು ಪುಟ್ನಮ್ ಅನ್ನುವ ಇಬ್ಬರು ಸಂಶೋಧಕರು ತೋರಿಸಿದರು. ವಾರವಾರ ಹೋಗಿಯೂ ಅಲ್ಲಿ ಆಪ್ತರು ಯಾರೂ ಇಲ್ಲದವರಿಗೆ ಆ ಖುಷಿ ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಕೂರುವ ಗೆಳೆಯರಿಂದ ಅದು ಬರುತ್ತಿತ್ತು.

ಅಪ್ಪನ ಪಕ್ಕ ಮೂರು ತಿಂಗಳು ಕೂತಿದ್ದರಲ್ಲ, ಆ ಇಬ್ಬರು.

ಬಿಟ್ಟಾಗ ಹೋಗುವುದು ಇದೇ. 2009ರಲ್ಲಿ ನನಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಪಕ್ಕದ ಮಂಚದ ಅಜ್ಜಿಗೆ ದಿನಾ ಐದಾರು ಜನ ಬರುತ್ತಿದ್ದರು. ನನಗೆ ಆಫೀಸಿನ ಒಬ್ಬಳು ಬಂದು ಅರ್ಧ ಗಂಟೆ ಕೂತು ಹೋದಳು. ಸಭೆಯಲ್ಲಿದ್ದಿದ್ದರೆ ಮಂಚದ ಸುತ್ತ ಜಾಗ ಇರುತ್ತಿರಲಿಲ್ಲ. (ಸಭೆಯಲ್ಲಿದ್ದಿದ್ದರೆ ಆಸ್ಪತ್ರೆಗೇ ಹೋಗುತ್ತಿರಲಿಲ್ಲ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ಕಷ್ಟ.) ಹಾಡಿಗೂ ಹಾಗೇ ಆಸೆಯಾಗುತ್ತದೆ. ಮಳೆ ಹಿಡಿದ ಸಂಜೆ, ಕರೆಂಟಿಲ್ಲದ ಹೊತ್ತು, ಮೂವತ್ತು ಮನೆಯವರು ಒಂದೇ ದನಿಯಲ್ಲಿ ಹಾಡುವುದು. ದೇವರನ್ನು ಬಿಟ್ಟದ್ದಕ್ಕೆ ನನಗೆ ದುಃಖವಿಲ್ಲ. ಆ ಹಾಡು ಹೋಯಿತಲ್ಲ ಅಂತ ಇದೆ.

ನನ್ನ ಹಾಗೆ ಬಿಟ್ಟವರು ಇನ್ನೂ ಮೂವರು ಗೊತ್ತು. ಒಬ್ಬಳು ಈಗ ವಿರಾಜಪೇಟೆ ಕಡೆ ಮದುವೆಯಾಗಿ ಇನ್ನೊಂದು ಚರ್ಚಿಗೆ ಹೋಗುತ್ತಾಳೆ, ಚೆನ್ನಾಗಿದ್ದಾಳೆ. ಇನ್ನೊಬ್ಬಳು ಆರು ವರ್ಷ ಹೊರಗಿದ್ದು ವಾಪಸ್ ಹೋದಳು. ಅವಳೂ ಚೆನ್ನಾಗಿದ್ದಾಳೆ, ಅವಳನ್ನು ನಾನು ಸೋತವಳು ಅನ್ನುವುದಿಲ್ಲ. ಮೂರನೆಯವನು ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಮನೆಯವರು ಬಾಗಿಲು ಹಾಕಿದರು, ಫೋನು ಎತ್ತುವುದನ್ನೇ ಬಿಟ್ಟರು. ಮೈಸೂರಿಗೆ ಹೋದ. ಕುಡಿತ ಶುರುವಾಯಿತು. ಮೂವತ್ತೊಂದಕ್ಕೆ ತೀರಿಕೊಂಡ. ದೇವರನ್ನು ಬಿಟ್ಟದ್ದಕ್ಕೇ ಹೀಗಾಯಿತು ಅಂತ ಸಭೆಯಲ್ಲಿ ಅವನ ಹೆಸರು ಹಿಡಿದು ಹೇಳಿದರಂತೆ. ಕೇಳಿ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಪಕ್ಕ ಕೂರಲು ಇಬ್ಬರು ಬಂದಿದ್ದರು. ಇವನ ಪಕ್ಕ ಕೂರಲು ಇದ್ದವರನ್ನೆಲ್ಲ ಎಬ್ಬಿಸಿ ಕಳಿಸಿದರು. ಸಭೆಯೂ ಅದೇ, ಕುಡಿತವೂ ಅದೇ.

ಅಮೆರಿಕದ ಆಮಿಶ್ ಅನ್ನುವ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ ಬಗ್ಗೆ ಓದಿದಾಗ ಇದು ಇನ್ನೂ ಸ್ಪಷ್ಟವಾಯಿತು. ಅವರಲ್ಲಿ ದೀಕ್ಷಾಸ್ನಾನ ದೊಡ್ಡವರಾದ ಮೇಲೆ. ಅದಕ್ಕಿಂತ ಮುಂಚೆ ಬಿಟ್ಟು ಹೋದವರಿಗೆ ಬಹಿಷ್ಕಾರವಿಲ್ಲ, ಮನೆಗೆ ಬರಬಹುದು, ಒಟ್ಟಿಗೆ ಉಣ್ಣಬಹುದು. ದೀಕ್ಷೆ ತೆಗೆದುಕೊಂಡು ಬಿಟ್ಟವರಿಗೆ ಬಹಿಷ್ಕಾರ. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಬದುಕನ್ನು ಬಿಟ್ಟರೂ ಒಬ್ಬನಿಗೆ ತಾಯಿ ಉಳಿಯುತ್ತಾಳೆ, ಇನ್ನೊಬ್ಬನಿಗೆ ಊಟದ ಮೇಜೇ ಬೇರೆಯಾಗುತ್ತದೆ. ನ್ಯೂಯಾರ್ಕಿನಲ್ಲಿ ಕಟ್ಟಾ ಯಹೂದಿ ಪಂಗಡಗಳನ್ನು ಬಿಟ್ಟು ಬರುವವರಿಗೆ ಆಸರೆಯಾಗಲು 2003ರಿಂದ ಫುಟ್‌ಸ್ಟೆಪ್ಸ್ ಅನ್ನುವ ಸಂಸ್ಥೆ ಇದೆ. ಹೀಬ್ರೂ ಭಾಷೆಯಲ್ಲಿ ಅಂಥವರಿಗೆ 'ಪ್ರಶ್ನೆಯ ಕಡೆ ಹೊರಟವರು' ಅನ್ನುತ್ತಾರೆ. ನಮ್ಮ ಸಭೆಯಲ್ಲಿ ಇದ್ದ ಮಾತು 'ಹಿಂಜಾರಿದವರು' ಒಂದೇ. ಕನ್ನಡದಲ್ಲೂ ಆ ಇನ್ನೊಂದು ಮಾತು ಹುಟ್ಟಲಿ ಅಂತ ನನಗೆ ತುಂಬ ಆಸೆ.

ನಮ್ಮ ದೇಶದಲ್ಲಿ ಹುಟ್ಟಿದ ಧರ್ಮ ಬಿಡುವವರೇ ಅಪರೂಪ. ಅದೇ ಪ್ಯೂ ಸಂಸ್ಥೆ 2019-20ರಲ್ಲಿ ಸುಮಾರು 30,000 ಭಾರತೀಯರನ್ನು ಕೇಳಿತ್ತು. ನೂರಕ್ಕೆ 98 ಮಂದಿ ಹುಟ್ಟಿದ ಧರ್ಮದಲ್ಲೇ ಇದ್ದರು, 97 ಮಂದಿಗೆ ದೇವರಲ್ಲಿ ನಂಬಿಕೆ ಇತ್ತು. ಇಂಥ ಕಡೆ ಹೊರಗೆ ಕಾಲಿಟ್ಟವರಿಗೆ ಹೊರಗೆ ಯಾರೂ ಸಿಗುವುದಿಲ್ಲ. ಬಿಡು ಅಂತಲೋ ಇರು ಅಂತಲೋ ಆ ಹುಡುಗಿಗೆ ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳಬೇಕೆಂದಿದ್ದೇನೆ: ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಏನಾಯ್ತು ಅಂತ ಕೇಳದೆ ಒಳಗೆ ಕರೆಯುವ ಎರಡು ಮನೆ ಮೊದಲು ನೋಡಿಕೋ. ಒಂದು ನನ್ನದು. ಇನ್ನೊಂದು ನೀನು ಹುಡುಕು.

ಕೊಡಗಿಗೆ ಬಾಗಿಲು ತೆರೆಯುವುದು ಗೊತ್ತಿಲ್ಲದೆ ಏನಿಲ್ಲ. ವಿರಾಜಪೇಟೆಯ ಆ ಚರ್ಚು 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಜಾಗ ಕೊಟ್ಟವನು ದೊಡ್ಡವೀರರಾಜೇಂದ್ರ. ಅವನು ವೀರಶೈವ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಅದೇ ಗುಣವನ್ನು ನಾನು ಕಣ್ಣಾರೆ ಕಂಡೆ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆಯ ಜನ ಉಟ್ಟ ಬಟ್ಟೆಯಲ್ಲಿ ಇಳಿದು ಬಂದರು. ಮಸೀದಿಯವರು, ಚರ್ಚಿನವರು, ದೇವಸ್ಥಾನದವರು, ಸಮಾಜದವರು ಎಲ್ಲರೂ ಜಾಗ ಕೊಟ್ಟರು. ಯಾರೂ ಯಾರ ದೇವರನ್ನೂ ಕೇಳಲಿಲ್ಲ.

ನಮ್ಮ ಮನೆಯ ಹಿಂದಿನ ಗುಡ್ಡದ ಬರೆಯಲ್ಲಿ ಬಿರುಕು ಬಿಟ್ಟಿತ್ತು. ಅಪ್ಪ ಅಮ್ಮ ಇಬ್ಬರನ್ನೂ ಒಂದು ದೇವಸ್ಥಾನಕ್ಕೆ ಸೇರಿದ ಕಲ್ಯಾಣಮಂಟಪಕ್ಕೆ ಕರೆತಂದಿದ್ದಾರೆ ಅಂತ ಅಕ್ಕ ಫೋನ್ ಮಾಡಿದಳು. ನಾನು ಹೋಗುವ ಹೊತ್ತಿಗೆ ಮಧ್ಯಾಹ್ನದ ಪಂಕ್ತಿ. ನೆಲದ ಮೇಲೆ ಸಾಲಾಗಿ ಕೂತಿದ್ದರು. ಅಪ್ಪನ ಅಂಗಿ ಇನ್ನೂ ಒದ್ದೆ. ಎಲೆಯ ಮೇಲೆ ಅನ್ನ ಬಿದ್ದಿತ್ತು, ಕೈ ಹಾಕಿರಲಿಲ್ಲ. ಎದುರಿನ ಗೋಡೆಯಲ್ಲಿ ದೊಡ್ಡ ದೇವರ ಪಟ. ನನಗೆ ನಿಂತಲ್ಲೇ ಕಾಲು ಕಟ್ಟಿತು. ಬಡಿಸುತ್ತಿದ್ದ ಹುಡುಗ "ಕೂತ್ಕೊಳ್ಳಿ ಅಕ್ಕಾ, ಕೂತ್ಕೊಳ್ಳಿ" ಅಂದ. ಖಾಲಿ ಇದ್ದದ್ದು ಅಪ್ಪನ ಪಕ್ಕದ ಜಾಗ ಒಂದೇ. ಕೂತೆ. ಅಪ್ಪ ಏಳುತ್ತಾನೆ ಅಂತ ಕಾದೆ. ಏಳಲಿಲ್ಲ. ನನ್ನ ಎಲೆಗೂ ಅನ್ನ ಬಿದ್ದ ಮೇಲೆ ಅವನು ಕಲಸಲು ಶುರು ಮಾಡಿದ.

ತಿಂಗಳಾದ ಮೇಲೆ ಅವರು ವಾಪಸ್ ಮನೆ ಸೇರಿದರು. ಸಭೆಗೆ ಈಗಲೂ ತಪ್ಪದೆ ಹೋಗುತ್ತಾರೆ. ನಿಯಮ ಒಂದೂ ಬದಲಾಗಿಲ್ಲ. ಆ ವರ್ಷ ಡಿಸೆಂಬರಿನಲ್ಲಿ ನಾನು ಹೋದಾಗ ಅಮ್ಮ ಎಂದಿನಂತೆ ಜಗಲಿಯಲ್ಲಿ ಚಾಪೆ ಹಾಸಿ ನನ್ನ ತಟ್ಟೆ ಇಟ್ಟಳು. ಮಂಜು ಅಂಗಳದವರೆಗೂ ಬಂದಿತ್ತು, ಶಾಲು ಹೊದ್ದರೂ ನಡುಕ ಬಿಡುತ್ತಿರಲಿಲ್ಲ. ನಾನು ತುತ್ತು ಎತ್ತಬೇಕು, ಅಷ್ಟರಲ್ಲಿ ಅಪ್ಪ ತನ್ನ ತಟ್ಟೆ ಹಿಡಿದುಕೊಂಡು ಹೊರಗೆ ಬಂದ. ಹಿಂದೆಯೇ ಅಮ್ಮ ಸಾರಿನ ಪಾತ್ರೆ ಹಿಡಿದು ಬಂದಳು.

"ಒಳಗೆ ಯಾಕೋ ಸೆಕೆ" ಅಂದ ಅಪ್ಪ. ನನ್ನ ಪಕ್ಕ ಕೂತ.